ಪೇಟೆಂಟ್ ಮೊಕದ್ದಮೆಗಳಲ್ಲಿ ನ್ಯಾಯಾಲಯದ ತಜ್ಞರೆಲ್ಲಿ? ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಲವು ವರ್ಷ ಎಂಜಿನ್‌ಗಳ ಬಗ್ಗೆ ಪಾಠ ಹೇಳಿ ನಿವೃತ್ತನಾದ, ತಮ್ಮ ಕ್ಷೇತ್ರದ ಮತದಾರ ನಾನು. ಮುಂದಿನ ಅಧಿವೇಶನದಲ್ಲಿ ತಾವು ಸದನದಲ್ಲಿ ಕೇಳಬೇಕೆಂದು ನಾನು ಬಯಸುವ ಪ್ರಶ್ನೆಯೊಂದಿದೆ. ಅದು ಪೇಟೆಂಟ್ ಉಲ್ಲಂಘನೆಯ ದಾವೆಗಳಲ್ಲಿ ತಜ್ಞ ಸಾಕ್ಷ್ಯಕ್ಕೆ ಸಂಬಂಧಿಸಿದ್ದು.

ದಾವೆಗೆ ತಜ್ಞರೇಕೆ ಬೇಕು ಎಂಬುದಕ್ಕೆ ನನ್ನ ವಿಷಯದಿಂದಲೇ ಉದಾಹರಣೆ ಕೊಡುತ್ತೇನೆ. ಸಣ್ಣ ಎಂಜಿನ್ನಿನ ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಅಳವಡಿಸುವ ತಂತ್ರಕ್ಕೆ ಬಜಾಜ್ ಕಂಪನಿ ಪೇಟೆಂಟ್ ಪಡೆದಿತ್ತು. ಪಕ್ಕದ ಹೊಸೂರಿನ ಟಿವಿಎಸ್ ತನ್ನ 125 ಸಿಸಿಯ ಫ್ಲೇಮ್ ಬೈಕಿನಲ್ಲಿ ಎರಡು ಪ್ಲಗ್‌ಗಳ ಜೊತೆ ಮೂರು ವಾಲ್ವ್‌ಗಳನ್ನಿಟ್ಟಿತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ 2008ರ ಫೆಬ್ರುವರಿಯಲ್ಲಿ ತಡೆಯಾಜ್ಞೆ ಕೊಟ್ಟಿತು, 2009ರ ಮೇ ತಿಂಗಳಲ್ಲಿ ವಿಭಾಗೀಯ ಪೀಠ ಅದನ್ನು ತೆರವುಗೊಳಿಸಿತು. ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ದಾವೆಗಳನ್ನು ದಿನವೂ ವಿಚಾರಣೆ ನಡೆಸಿ ಸಾಮಾನ್ಯವಾಗಿ 4 ತಿಂಗಳೊಳಗೆ ಮುಗಿಸಬೇಕೆಂದಿತು. ಆದರೆ ಈ ಎರಡು ಕಂಪನಿಗಳ ಜಗಳ ಬಗೆಹರಿದದ್ದು 2019ರಲ್ಲಿ, ಅದೂ ರಾಜಿಯಲ್ಲಿ. ಮೂರನೆಯ ವಾಲ್ವ್ ಸೇರಿದೊಡನೆ ಎಂಜಿನ್ ಬೇರೆಯೇ ಆಗುತ್ತದೆಯೇ, ಅಥವಾ ಎರಡು ಕಡೆಯಿಂದ ಕಿಡಿ ಹೊತ್ತಿಸಿ ಇಂಧನವನ್ನು ಬೇಗ ಉರಿಸುವ ಮೂಲ ಉಪಾಯ ಹಾಗೆಯೇ ಉಳಿಯುತ್ತದೆಯೇ ಎಂಬುದಕ್ಕೆ ನಿಘಂಟಿನಲ್ಲಿ ಉತ್ತರವಿಲ್ಲ. ಸಿಲಿಂಡರ್ ಹೆಡ್ ಬಿಚ್ಚಿ ನೋಡಿದ ಅನುಭವವುಳ್ಳವರು ಅದನ್ನು ನ್ಯಾಯಾಧೀಶರಿಗೆ ಅರ್ಥವಾಗುವಂತೆ ವಿವರಿಸಬೇಕು.

ಹಾವೇರಿ, ಧಾರವಾಡ, ರಾಯಚೂರಿನ ಹತ್ತಿ ಬೆಳೆಗಾರರಿಗೆ ಹೆಚ್ಚು ಹತ್ತಿರವಾದದ್ದು ಬಿಟಿ ಹತ್ತಿಯ ಪ್ರಕರಣ. ಆ ಹತ್ತಿಯ ತಂತ್ರಕ್ಕೆ ಪೇಟೆಂಟ್ ಪಡೆದಿದ್ದ ಅಮೆರಿಕದ ಮಾನ್ಸಾಂಟೊ ಕಂಪನಿ ಮತ್ತು ಇಲ್ಲಿನ ಬೀಜ ಕಂಪನಿ ನುಜಿವೀಡು ಸೀಡ್ಸ್ ನಡುವಿನ ಆ ದಾವೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ, ಸಾಕ್ಷಿಗಳ ವಿಚಾರಣೆಯೇ ಇಲ್ಲದೆ ದಾಖಲೆಗಳನ್ನಷ್ಟೇ ಓದಿ, ಪೇಟೆಂಟನ್ನು ಅಸಿಂಧುಗೊಳಿಸಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ, ಬೀಜದೊಳಕ್ಕೆ ಸೇರಿಸಿದ ವಂಶವಾಹಿ ಗುಣವನ್ನು ಮತ್ತೆ ಹೊರತೆಗೆಯಲು ಸಾಧ್ಯವೇ ಎಂಬಂಥ ಪ್ರಶ್ನೆಗಳಿಗೆ ತಾಂತ್ರಿಕ ಹಾಗೂ ತಜ್ಞ ಸಾಕ್ಷ್ಯ ಬೇಕು, ಇದು ಸಂಕ್ಷಿಪ್ತವಾಗಿ ತೀರ್ಮಾನಿಸುವ ವಿಷಯವಲ್ಲ ಎಂದಿತು. ಮಾತು ಸರಿಯಾಗಿಯೇ ಇತ್ತು. 2021ರಲ್ಲಿ ಇಲ್ಲಿಯೂ ರಾಜಿಯಾಯಿತು. ಸುಪ್ರೀಂ ಕೋರ್ಟು ತಜ್ಞರಿಗಾಗಿ ಎತ್ತಿಟ್ಟ ಪ್ರಶ್ನೆಗೆ ಯಾವ ನ್ಯಾಯಾಲಯವೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ತಜ್ಞರು ಬಂದಾಗಲಾದರೂ ಹೇಗೆ ಬರುತ್ತಾರೆ? ಸಾಮಾನ್ಯವಾಗಿ ಪ್ರತಿ ಪಕ್ಷವೂ ತನ್ನ ಖರ್ಚಿನಲ್ಲಿ ಒಬ್ಬೊಬ್ಬರನ್ನು ಕರೆತರುತ್ತದೆ. ಕೆಲವು ವರ್ಷಗಳ ಹಿಂದೆ ವಕೀಲರೊಬ್ಬರು ನನ್ನ ಅಭಿಪ್ರಾಯ ಬೇಕೆಂದು ಕೇಳಿದರು. ಒಪ್ಪಿದ ಎರಡೇ ದಿನಕ್ಕೆ, ನಾನು ಆ ಯಂತ್ರವನ್ನು ಕಣ್ಣಿನಿಂದ ನೋಡುವ ಮೊದಲೇ, ನನ್ನ ಅಭಿಪ್ರಾಯ ಅಚ್ಚಾಗಿ ಸಹಿಗೆಂದು ಮನೆಗೆ ಬಂತು! ನಾನು ಸಹಿ ಹಾಕಲಿಲ್ಲ. ಸಂಭಾವನೆ ಕೊಡುವವರ ಪರ ವಾಲುವುದು ಮನುಷ್ಯಸಹಜವೆಂದು ಒಪ್ಪುತ್ತೇನೆ, ಪಾಟೀಸವಾಲು ಇರುವುದು ಅದಕ್ಕಾಗಿಯೇ ಎಂದೂ ಬಲ್ಲೆ. ಆದರೆ ಇಬ್ಬರು ಪ್ರಾಧ್ಯಾಪಕರು ಒಂದೇ ಯಂತ್ರದ ಬಗ್ಗೆ ತದ್ವಿರುದ್ಧವಾಗಿ ಪ್ರಮಾಣ ಮಾಡಿದಾಗ, ಬೆಳಿಗ್ಗೆಯಷ್ಟೇ ಸಿಮೆಂಟ್ ಗುತ್ತಿಗೆಯ ತಕರಾರು ಕೇಳಿದ ವಾಣಿಜ್ಯ ನ್ಯಾಯಾಲಯದ ನ್ಯಾಯಾಧೀಶರು ಯಾರನ್ನು ನಂಬಬೇಕು?

1970ರ ಪೇಟೆಂಟ್ ಕಾಯ್ದೆ ಈ ಇಕ್ಕಟ್ಟನ್ನು ಮೊದಲೇ ಊಹಿಸಿತ್ತು. ಅದರ 115ನೆಯ ಕಲಮಿನ ಪ್ರಕಾರ ನ್ಯಾಯಾಲಯವು ಯಾವ ಹಂತದಲ್ಲಾದರೂ, ಪಕ್ಷಗಾರರು ಕೇಳದಿದ್ದರೂ, ಸ್ವತಂತ್ರ ವೈಜ್ಞಾನಿಕ ಸಲಹೆಗಾರರನ್ನು ನೇಮಿಸಿಕೊಳ್ಳಬಹುದು. ಅವರ ಸಂಭಾವನೆಯನ್ನು ನ್ಯಾಯಾಲಯ ಗೊತ್ತುಮಾಡುತ್ತದೆ, ಹಣ ಸಂಸತ್ತು ಒದಗಿಸಿದ ನಿಧಿಯಿಂದ ಬರಬೇಕು. 2003ರ ಪೇಟೆಂಟ್ ನಿಯಮಗಳ 103ನೆಯ ನಿಯಮದಂತೆ ಪೇಟೆಂಟ್ ಕಂಟ್ರೋಲರ್ ಇಂಥ ಸಲಹೆಗಾರರ ಪಟ್ಟಿಯೊಂದನ್ನು ಇಟ್ಟು ಪ್ರತಿ ವರ್ಷ ಪರಿಷ್ಕರಿಸಬೇಕು. ಪಟ್ಟಿಗೆ ಸೇರಲು ಕನಿಷ್ಠ 15 ವರ್ಷಗಳ ಅನುಭವ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ಅಂಥವರಿಗೆ ಬರವಿಲ್ಲ.

ಸಲಹೆಗಾರರೇ ತೆರೆಮರೆಯ ನ್ಯಾಯಾಧೀಶರಾಗಿಬಿಡುತ್ತಾರೆ ಎಂಬ ವಕೀಲರ ಆತಂಕವನ್ನು ತಳ್ಳಿಹಾಕಲಾರೆ. ಕಾನೂನಿನ ಅರ್ಥವಿವರಣೆಯನ್ನು ಕಲಮೇ ಅವರ ವ್ಯಾಪ್ತಿಯಿಂದ ಹೊರಗಿಟ್ಟಿದೆಯಾದರೂ, ಅವರ ವರದಿ ಎರಡೂ ಪಕ್ಷಗಳ ಕೈಗೆ ಸಿಗಬೇಕು, ಅದರ ಮೇಲೆ ಅವರನ್ನು ಪ್ರಶ್ನಿಸಲು ಅವಕಾಶವಿರಬೇಕು. ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಮುಖಾಮುಖಿ ಕೇಳುವ ಪದ್ಧತಿಗೆ ದೆಹಲಿ ಹೈಕೋರ್ಟು 2018ರ ತನ್ನ ನಿಯಮಗಳಲ್ಲಿ ಜಾಗ ಕೊಟ್ಟಿದೆ. ನನ್ನ ಅನುಭವದಲ್ಲಿ ಇಬ್ಬರು ಎಂಜಿನಿಯರುಗಳು ಒಂದೇ ನಕ್ಷೆಯ ಮುಂದೆ ಕುಳಿತರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಉಳಿದರ್ಧವೇ ನಿಜವಾದ ವ್ಯಾಜ್ಯ.

ಆದ್ದರಿಂದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ತಾವು ಚುಕ್ಕೆ ಗುರುತಿನ (ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಪ್ರಶ್ನೆಯೊಂದನ್ನು ಹಾಕಬೇಕೆಂದು ವಿನಂತಿಸುತ್ತೇನೆ: 103ನೆಯ ನಿಯಮದ ಪಟ್ಟಿಯಲ್ಲಿ ಇಂದು ಎಷ್ಟು ಮಂದಿ ಇದ್ದಾರೆ, ಯಾವ ಯಾವ ವಿಷಯದವರು, ಕಳೆದ 10 ವರ್ಷಗಳಲ್ಲಿ ನ್ಯಾಯಾಲಯಗಳು ಅವರಲ್ಲಿ ಎಷ್ಟು ಜನರನ್ನು ಕರೆಸಿಕೊಂಡಿವೆ, ಅದಕ್ಕಾಗಿ ಎಷ್ಟು ಹಣ ಸಂದಾಯವಾಗಿದೆ? ಪಕ್ಷಗಾರರು ಕರೆತರುವ ತಜ್ಞರ ಮೊದಲ ಹೊಣೆ ನ್ಯಾಯಾಲಯಕ್ಕೆ ಎಂದು ಪ್ರಮಾಣಪತ್ರದಲ್ಲೇ ಬರೆಸುವ ನಿಯಮವನ್ನು ಸರಕಾರ ತರುವುದೇ ಎಂದೂ ಉಪಪ್ರಶ್ನೆಯಾಗಿ ಕೇಳಬಹುದು. ಸದನದಲ್ಲಿ ಸಿಗುವ ಉತ್ತರದ ಪ್ರತಿಯೊಂದನ್ನು ನನಗೂ ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಧ್ಯಾಪಕ, ಬೆಂಗಳೂರು