ಚಾರ್ಜಿಂಗ್ ಕೇಂದ್ರಗಳ ಲೆಕ್ಕ ಸಾಕು, ನಡೆಯುವ ಗನ್ನುಗಳ ಲೆಕ್ಕ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ರಜೆ ಬಂತೆಂದರೆ ಬೆಂಗಳೂರಿನಿಂದ ಮಲೆನಾಡು, ಕರಾವಳಿಯತ್ತ ಹೊರಡುವ ಕಾರುಗಳ ಸಾಲಿನಲ್ಲಿ ಹಸಿರು ನಂಬರ್ ಪ್ಲೇಟಿನವೂ ಈಗ ಸಾಕಷ್ಟು ಕಾಣುತ್ತವೆ. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು, 2017ರಲ್ಲಿ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲೂ ನಾವು ಮುಂದಿದ್ದೇವೆ ಎಂಬ ಸುದ್ದಿ ಆಗಾಗ ಬರುತ್ತದೆ. ಇರಲಿ, ಸಂತೋಷ. ಆದರೆ ಶೇ 18ರಷ್ಟು ಚಾರ್ಜ್ ಉಳಿಸಿಕೊಂಡು ಸಕಲೇಶಪುರದಲ್ಲಿ ಬಂದು ನಿಂತವರಿಗೆ ರಾಜ್ಯದ ಒಟ್ಟು ಸಂಖ್ಯೆಯಿಂದ ಏನೂ ಆಗಬೇಕಾಗಿಲ್ಲ. ಎದುರಿಗಿರುವ ಯಂತ್ರ ಈ ಗಳಿಗೆಯಲ್ಲಿ ಎಷ್ಟು ಕಿಲೊವಾಟ್ ಕೊಡುತ್ತದೆ ಎಂದು ಗೊತ್ತಾದರೆ ಸಾಕು. ಅದನ್ನು ಹೇಳುವವರು ಮಾತ್ರ ಯಾರೂ ಇಲ್ಲ.

ಯಂತ್ರದ ಮೇಲೆ 60 ಕಿಲೊವಾಟ್ ಎಂದು ಬರೆದಿರುತ್ತದೆ. ಆ ಪೆಟ್ಟಿಗೆಯೊಳಗೆ ಇರುವುದು ಸಾಮಾನ್ಯವಾಗಿ 30 ಕಿಲೊವಾಟ್‌ನ ಎರಡು ಮಾಡ್ಯೂಲ್ (ಬ್ಯಾಟರಿಗೆ ತಕ್ಕಂತೆ ಕರೆಂಟು ಬದಲಿಸಿ ಕೊಡುವ ಘಟಕ), ಇಲ್ಲವೇ 20ರ ಮೂರು. ಎರಡೂ ಗನ್ನಿಗೆ (ಕಾರಿಗೆ ಸಿಕ್ಕಿಸುವ ಕೇಬಲ್ಲಿನ ಹಿಡಿಗೆ) ಕಾರು ಸಿಕ್ಕಿಸಿದರೆ ಹಲವು ಯಂತ್ರಗಳು ತಲಾ 30ರಂತೆ ಹಂಚುತ್ತವೆ. ಅದು ನ್ಯಾಯವೇ. ತೊಂದರೆ ಬರುವುದು ಒಂದು ಮಾಡ್ಯೂಲ್ ಕೆಟ್ಟಾಗ. ಯಂತ್ರ ಪೂರ್ತಿ ಸತ್ತಿರುವುದಿಲ್ಲವಾದ್ದರಿಂದ ಆ್ಯಪ್‌ನಲ್ಲಿ ಹಸಿರು ಚುಕ್ಕೆ ಹಾಗೆಯೇ ಇರುತ್ತದೆ, ಕರೆಂಟು ಮಾತ್ರ ಅರ್ಧ ಬರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಚಾರ್ಜಿಂಗ್ ಶುರುವಾಗಿ ಎರಡು ನಿಮಿಷ ಕಳೆದ ಮೇಲೆ ಯಂತ್ರದ ಪರದೆಯಲ್ಲಿ ವೋಲ್ಟ್ ಮತ್ತು ಆಂಪ್ ನೋಡಿ, ಎರಡನ್ನೂ ಗುಣಿಸಿ. 340 ವೋಲ್ಟ್, 100 ಆಂಪ್ ಎಂದರೆ 34 ಕಿಲೊವಾಟ್. ಬ್ಯಾಟರಿ ಶೇ 30–40ರಲ್ಲಿದ್ದು, ಪಕ್ಕದ ಗನ್ನು ಖಾಲಿಯಿದ್ದೂ 80 ಆಂಪ್ ದಾಟದಿದ್ದರೆ ಮಾಡ್ಯೂಲ್ ಹೋಗಿರಬಹುದು, ಇಲ್ಲವೇ ಫ್ಯಾನಿನ ಜಾಲರಿಗೆ ದೂಳು ಕಟ್ಟಿ ಯಂತ್ರ ಕಾದು ತಾನಾಗಿಯೇ ಇಳಿಸಿಕೊಂಡಿರಬಹುದು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಈ ಎರಡನೆಯದು ಸಾಮಾನ್ಯ. ಕಾರಿನದೇ ಕಾರಣವೂ ಇರಬಹುದು: ಬಿಸಿಲಲ್ಲಿ 100ರ ವೇಗದಲ್ಲಿ ಓಡಿಸಿ, ದಿನದ ಎರಡನೇ ಬಾರಿ ವೇಗದ ಚಾರ್ಜಿಂಗಿಗೆ ಹಾಕಿದರೆ ಬ್ಯಾಟರಿ ಬಿಸಿಯಾಗಿದೆಯೆಂದು ಕಾರೇ ಕಡಿಮೆ ಕೇಳುತ್ತದೆ.

ವ್ಯತ್ಯಾಸ ಎಷ್ಟೆಂದು ಕೇಳುವವರಿಗೆ ಒಂದು ಲೆಕ್ಕ. 45 ಯೂನಿಟ್ (ಕಿಲೊವಾಟ್-ಗಂಟೆ) ಬ್ಯಾಟರಿಯನ್ನು ಶೇ 20ರಿಂದ 80ಕ್ಕೆ ತರಲು 27 ಯೂನಿಟ್ ಬೇಕು. ಸರಿಯಾಗಿರುವ 60 ಕಿಲೊವಾಟ್ ಯಂತ್ರದಲ್ಲಿ ಸುಮಾರು 40 ನಿಮಿಷ. ಅರ್ಧ ಸತ್ತ ಯಂತ್ರದಲ್ಲಿ ಒಂದು ಗಂಟೆ ಹತ್ತಿರ. ನಿಮ್ಮ ಹಿಂದೆ ಇಬ್ಬರು ಕಾಯುತ್ತಿದ್ದರೆ ಮೂರನೆಯವರ ಊಟದ ಹೊತ್ತು ಹೋಯಿತು. 80 ದಾಟಿದ ಮೇಲೂ ಗನ್ನು ಬಿಡದವರು ಇದಕ್ಕೆ ಇನ್ನಷ್ಟು ಸೇರಿಸುತ್ತಾರೆ. ಸೆಲ್‌ಗಳ ವೋಲ್ಟೇಜ್ ಮಿತಿ ಹತ್ತಿರ ಬಂದಂತೆ ಕಾರು ಆಂಪ್ ಇಳಿಸುತ್ತಾ ಹೋಗುತ್ತದೆ, ಆದ್ದರಿಂದ ಕೊನೆಯ ಶೇ 20 ತುಂಬಲು ಹಲವು ಕಾರುಗಳಿಗೆ ಮೊದಲಿನ 60ಕ್ಕೆ ಹಿಡಿದಷ್ಟೇ ಸಮಯ ಹಿಡಿಯುತ್ತದೆ. ಮುಂದಿನ ನಿಲ್ದಾಣಕ್ಕೆ ನಿಜವಾಗಿ ಬೇಕಾಗಿದ್ದರೆ ಮಾತ್ರ ಕಾಯಿರಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯವರು ಆಗಾಗ ಶೇ 100 ಮಾಡಬೇಕೆಂಬುದು ಸರಿ, ಅದನ್ನು ಮನೆಯಲ್ಲಿ ರಾತ್ರಿ ಮಾಡಿಕೊಳ್ಳಬಹುದಲ್ಲ.

ಯಂತ್ರ ಸರಿಯಿದ್ದೂ ಚಾರ್ಜಿಂಗ್ ಶುರುವಾಗದಿರುವುದು ಇನ್ನೊಂದು ರಗಳೆ. ವೇಗದ ಚಾರ್ಜಿಂಗಿನ ಸಿಸಿಎಸ್2 ಮಾದರಿಯ ಗನ್ನು ಭಾರ, ಅದರ ಕೇಬಲ್ ಇನ್ನೂ ಭಾರ. ಸಿಕ್ಕಿಸಿ ಕೈಬಿಟ್ಟರೆ ಕೇಬಲ್ಲು ಜಗ್ಗಿ ಗನ್ನಿನ ಮೂತಿ ಕೂದಲೆಳೆಯಷ್ಟು ಕೆಳಕ್ಕೆ ವಾಲುತ್ತದೆ. ಕಾರೂ ಯಂತ್ರವೂ ಮಾತಾಡಿಕೊಳ್ಳುವ ಸಣ್ಣ ಪಿನ್ನು ಅಷ್ಟಕ್ಕೇ ತಪ್ಪುತ್ತದೆ. ಗನ್ನನ್ನು ಪೂರ್ತಿ ಒತ್ತಿ, ಹಿಡಿಯನ್ನು ಕೊಂಚ ಮೇಲಕ್ಕೆತ್ತಿ ಹಿಡಿದುಕೊಂಡೇ ಆ್ಯಪ್‌ನಲ್ಲಿ ಶುರು ಒತ್ತಿ. ಮೊದಲು ಲಾಕ್ ಬೀಳುವ ‘ಟಕ್’, ಆಮೇಲೆ ಕರೆಂಟು ಸೋರುತ್ತಿಲ್ಲವೇ ಎಂದು ನೋಡುವ ಇನ್ಸುಲೇಷನ್ ಪರೀಕ್ಷೆ, ಆಮೇಲೆ ಕಾರಿನೊಳಗೆ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೂರುವ ಇನ್ನೊಂದು ‘ಟಕ್’. ಇಷ್ಟಕ್ಕೆ ಅರ್ಧ ನಿಮಿಷ. ಆಂಪ್ ಏರತೊಡಗಿದ ಮೇಲೆ ಕೈ ತೆಗೆಯಿರಿ. ವಿಫಲವಾದರೆ ಅಲ್ಲೇ ಮತ್ತೆ ಮತ್ತೆ ಒತ್ತಬೇಡಿ. ಗನ್ನನ್ನು ಯಂತ್ರದ ಗೂಡಿಗೆ ವಾಪಸ್ ಇಟ್ಟು, ಕಾರು ಲಾಕ್ ಮಾಡಿ, ಎರಡು ನಿಮಿಷ ಬಿಟ್ಟು ಮೊದಲಿನಿಂದ ಮಾಡಿ. ಅದಕ್ಕೂ ಮೊದಲು ಯಂತ್ರದ ಕೆಂಪು ತುರ್ತು ಗುಂಡಿ ಒಳಗೆ ಒತ್ತಿಕೊಂಡಿದೆಯೇ ನೋಡಿ. ಮಕ್ಕಳು ಆಟಕ್ಕೆ ಒತ್ತಿ ಹೋಗಿರುತ್ತಾರೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಹೊರಬರುತ್ತದೆ. ಬಂಕ್‌ಗಳಲ್ಲಿ ರಾತ್ರಿ ಮೇನ್ ಸ್ವಿಚ್ ಇಳಿಸಿಬಿಡುವುದೂ ಉಂಟು, ಕೇಳಿದರೆ ಹಾಕಿಕೊಡುತ್ತಾರೆ.

ಮಳೆಯಲ್ಲಿ ಚಾರ್ಜ್ ಮಾಡಬಹುದೇ ಎಂದು ತುಂಬ ಜನ ಕೇಳುತ್ತಾರೆ. ಮಾಡಬಹುದು. ಆದರೆ ಗೂಡಿಗೆ ಇಡದೆ ನೇತಾಡಿಸಿ ಹೋದ ಗನ್ನಿನ ಬಾಯಲ್ಲಿ ನೀರು ನಿಂತಿರುತ್ತದೆ, ಇನ್ಸುಲೇಷನ್ ಪರೀಕ್ಷೆಯಲ್ಲಿ ಅದೇ ದೋಷವೆಂದು ಬೀಳುತ್ತದೆ. ಮೂತಿ ಕೆಳಗೆ ಮಾಡಿ ಎರಡು ಸಲ ಕೊಡವಿ. ಪಿನ್ನುಗಳೊಳಗೆ ಬಟ್ಟೆ ತುರುಕಬೇಡಿ. ಮಲೆನಾಡಿನ ಮಳೆಗೆ ಯಂತ್ರದ ಮೇಲೊಂದು ತಗಡಿನ ಮಾಡನ್ನಾದರೂ ಹಾಕಬೇಕೆಂದು ಕೇಂದ್ರ ನಡೆಸುವವರಿಗೆ ತೋಚದಿರುವುದು ಆಶ್ಚರ್ಯ. ಗನ್ನು ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡರೆ ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ. ಆಗಲೂ ಬರದಿದ್ದರೆ ಕೈಯಿಂದ ಎಳೆದು ಬಿಡಿಸುವ ತಂತಿ ಹಲವು ಕಾರುಗಳಲ್ಲಿ ಬಾನೆಟ್ ಕೆಳಗೋ ಡಿಕ್ಕಿಯ ಬದಿಯಲ್ಲೋ ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆಯೆಂದು ಹೊರಡುವ ಮೊದಲೇ ಪುಸ್ತಕ ತೆರೆದು ನೋಡಿಕೊಳ್ಳಿ.

ಇನ್ನು ಘಾಟಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಹೋಗುವಾಗಿನ ಲೆಕ್ಕ ಬರುವಾಗ ನಡೆಯುವುದಿಲ್ಲ. ನಾಲ್ವರು ಮತ್ತು ಸಾಮಾನು ಸೇರಿ ಎರಡು ಟನ್ ತೂಗುವ ಕಾರು ಶಿರಾಡಿಯಲ್ಲಿ 800 ಮೀಟರ್ ಮೇಲೇರಲು ಬರೀ ಎತ್ತರಕ್ಕೇ 4.4 ಯೂನಿಟ್ ಬೇಕು. ಮೋಟರಿನ ನಷ್ಟ ಸೇರಿದರೆ ಐದು. 45 ಯೂನಿಟ್ ಬ್ಯಾಟರಿಯಲ್ಲಿ ಅದು ಶೇ 11. ಇಳಿಯುವಾಗ ಮೋಟರೇ ಜನರೇಟರಿನಂತೆ ತಿರುಗಿ ಬ್ಯಾಟರಿ ತುಂಬುವ ರೀಜೆನ್‌ನಿಂದ ಮೂರು ಯೂನಿಟ್ ಆಸುಪಾಸು ವಾಪಸ್ ಬರುತ್ತದೆ. ಹಾಗಾಗಿ ಮಂಗಳೂರಿನಿಂದ ಹಾಸನದ 170 ಕಿ.ಮೀ.ಗೆ 28 ಯೂನಿಟ್ ಇಟ್ಟುಕೊಳ್ಳಿ, ಹಾಸನದಿಂದ ಮಂಗಳೂರಿಗೆ 22 ಸಾಕಾಗುತ್ತದೆ. ಘಾಟಿಯ ಬುಡದ ಗುಂಡ್ಯ ದಾಟಿ ಏರುವಾಗ ಪರದೆಯಲ್ಲಿ ‘ಉಳಿದ ಕಿ.ಮೀ.’ ಗಾಬರಿಯಾಗುವಷ್ಟು ಕುಸಿಯುತ್ತದೆ, ಏಕೆಂದರೆ ಅದು ಹಿಂದಿನ ಕೆಲವು ಕಿಲೊಮೀಟರಿನ ಖರ್ಚನ್ನೇ ಮುಂದಕ್ಕೂ ಹಿಡಿಯುತ್ತದೆ. ಇಳಿದ ಮೇಲೆ ಅದೇ ಪರದೆ ಉಬ್ಬಿಸಿ ಹೇಳುತ್ತದೆ. ಎರಡನ್ನೂ ನಂಬದೆ ಶೇಕಡಾವಾರು ನೋಡಿ.

ಬೆಟ್ಟದ ಮೇಲೆ ತಂಗುವವರು ತಪ್ಪುವುದು ಇನ್ನೊಂದು ಕಡೆ. ಕೊಟ್ಟಿಗೆಹಾರದಲ್ಲೋ ಮಡಿಕೇರಿಯಲ್ಲೋ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಶೇ 100ರಲ್ಲಿ ಇಳಿಯಲು ಹೊರಟರೆ ತುಂಬಿದ ಬ್ಯಾಟರಿ ರೀಜೆನ್ ಕರೆಂಟನ್ನು ತೆಗೆದುಕೊಳ್ಳುವುದಿಲ್ಲ. ಪೆಡಲಿನಿಂದ ಕಾಲು ತೆಗೆದರೆ ನಿಧಾನವಾಗುತ್ತಿದ್ದ ಕಾರು ಚಾರ್ಮಾಡಿಯ ಮೊದಲ ತಿರುವಿನಲ್ಲಿ ಸುಮ್ಮನೆ ಜಾರುತ್ತದೆ. ಎಂಜಿನ್ ಇಲ್ಲವಾದ್ದರಿಂದ ಎರಡನೇ ಗೇರಿಗೆ ಹಾಕಿ ತಡೆಯುವ ದಾರಿಯೂ ಇಲ್ಲ. ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. ಇಳಿಜಾರು ಎದುರಿಗಿದ್ದರೆ ಚಾರ್ಜಿಂಗನ್ನು ಶೇ 85–90ಕ್ಕೆ ನಿಲ್ಲಿಸಿ.

ಹೋಂಸ್ಟೇಯವರು ‘ಚಾರ್ಜಿಂಗ್ ಇದೆ’ ಎಂದರೆ 16 ಆಂಪಿನ ಸಾಕೆಟ್ ಎಂದು ಅರ್ಥ. ಗಂಟೆಗೆ 2.8 ಯೂನಿಟ್ ಹಿಡಿದರೆ ಹತ್ತು ಗಂಟೆಗೆ 28. ಅರ್ಥಿಂಗ್ ಸರಿಯಿಲ್ಲದಿದ್ದರೆ ಕೇಬಲ್ಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿದು ಚಾರ್ಜ್ ಆಗುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರ್ ಹಾಕಿದಾಗಲೂ ಇದೇ ಕತೆ. ಹಾಕಿದ ಅರ್ಧ ಗಂಟೆಗೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ಟಿನೊಳಗೆ ಹಿಡಿತ ಸಡಿಲವಾಗಿದೆ, ತೆಗೆಯಿರಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ, ಸುರುಳಿಯೊಳಗೆ ಶಾಖ ಕೂಡಿ ವೈರಿನ ಹೊದಿಕೆ ಕರಗುತ್ತದೆ. ಉಪಯೋಗಿಸಿದ ಯೂನಿಟ್ಟಿಗೆ ದುಡ್ಡು ಕೊಟ್ಟು ಬನ್ನಿ.

ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೊಂದು ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ‘ಎರಡೂ ಬದಿ’ ಎಂಬುದು ಕಾಗದದಲ್ಲಿ ಉಳಿದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಮದ್ದೂರು, ಮಂಡ್ಯಕ್ಕೆ ಬೈಪಾಸ್ ಆದ ಮೇಲೆ ಊರೊಳಗಿನ ಯಂತ್ರಗಳು ಹಳೇ ರಸ್ತೆಯಲ್ಲೇ ಉಳಿದವು. ನಕ್ಷೆಯಲ್ಲಿ 300 ಮೀಟರ್ ದೂರ ತೋರಿಸುತ್ತದೆ, ಇಳಿಯುವ ಎಕ್ಸಿಟ್ ತಪ್ಪಿದರೆ ಹಲವು ಕಿಲೊಮೀಟರ್ ಸುತ್ತು. ಜತೆಗೆ ಪ್ರತಿ ಕಂಪನಿಗೊಂದು ಆ್ಯಪ್, ಪ್ರತಿ ಆ್ಯಪ್‌ನಲ್ಲೂ ಮುಂಗಡ ಹಣ, ಚಾರ್ಜಿಂಗ್ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಘಾಟಿಯಲ್ಲಿ ಸಿಗ್ನಲ್ ಹೋದರೆ ನಿಮ್ಮ ಫೋನಷ್ಟೇ ಅಲ್ಲ, ಯಂತ್ರದೊಳಗಿನ ಸಿಮ್ ಕೂಡ ಮೂಕವಾಗುತ್ತದೆ. ಆಗ ಕೆಲಸಕ್ಕೆ ಬರುವುದು ಯಂತ್ರಕ್ಕೆ ತಾಗಿಸುವ ಆರ್‌ಎಫ್‌ಐಡಿ ಕಾರ್ಡ್, ಅದೂ ಆಫ್‌ಲೈನಿನಲ್ಲಿ ಒಪ್ಪುವ ಯಂತ್ರವಾದರೆ. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಗೆ ನೋಡಲ್ ಸಂಸ್ಥೆಯಾಗಿರುವ ಬೆಸ್ಕಾಂ ಒಂದು ಕೆಲಸ ಮಾಡಲಿ: ಪ್ರತಿ ಗನ್ನು ಕಳೆದ 24 ಗಂಟೆಯಲ್ಲಿ ಕೊಟ್ಟ ಗರಿಷ್ಠ ಕಿಲೊವಾಟ್ ಎಷ್ಟು, ಕೊನೆಯ ಯಶಸ್ವಿ ಚಾರ್ಜಿಂಗ್ ಯಾವಾಗ ಎಂಬ ಎರಡೇ ಅಂಕಿಯನ್ನು ಎಲ್ಲ ಕಂಪನಿಗಳಿಂದ ಪಡೆದು ಬಹಿರಂಗಪಡಿಸಲಿ. ಯಂತ್ರಗಳು ಈ ಮಾಹಿತಿಯನ್ನು ಹೇಗಿದ್ದರೂ ತಮ್ಮ ಸರ್ವರಿಗೆ ಕಳಿಸುತ್ತಲೇ ಇರುತ್ತವೆ.

ಕ್ಯಾಮೆರಾ, ರಾಡಾರ್ ಬಳಸಿ ಚಾಲಕರಿಗೆ ನೆರವಾಗುವ ಅಡಾಸ್ ವ್ಯವಸ್ಥೆಯ ಬಗ್ಗೆಯೂ ಒಂದೆರಡು ಮಾತು, ಹೊಸ ವಿದ್ಯುತ್ ಕಾರುಗಳಲ್ಲಿ ಅದು ಈಗ ಮಾಮೂಲಿಯಾಗುತ್ತಿದೆ. ಸ್ಟಿಯರಿಂಗಿನಿಂದ ಕೈಬಿಟ್ಟು ವಿಡಿಯೊ ಮಾಡುವವರಿಗೆ ಹೇಳಿ ಪ್ರಯೋಜನವಿಲ್ಲ, ಉಳಿದವರಿಗೆ. ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸುವ ಕ್ರೂಸ್ ಕಂಟ್ರೋಲ್ ಚಲಿಸುವ ವಾಹನವನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಕೆಟ್ಟು ನಿಂತ ಲಾರಿಯನ್ನು ವೇಗದಲ್ಲಿ ಗುರುತಿಸುವಲ್ಲಿ ದುರ್ಬಲ, ಏಕೆಂದರೆ ಫಲಕ, ಸೇತುವೆಯಂಥ ನಿಂತ ವಸ್ತುಗಳಿಗೆಲ್ಲ ಬ್ರೇಕ್ ಹಾಕದಿರಲೆಂದು ರಾಡಾರಿನ ಲೆಕ್ಕಾಚಾರ ನಿಶ್ಚಲ ಪ್ರತಿಫಲನಗಳನ್ನು ಸೋಸಿಬಿಡುತ್ತದೆ. ನಮ್ಮಲ್ಲಿ ಲಾರಿ ನಿಲ್ಲುವುದು ಹೆದ್ದಾರಿಯ ಪಥದಲ್ಲೇ, ಹಿಂದೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಯಿಂದ ಹಿಂದಕ್ಕೆ ಚಾಚಿದ ಕಬ್ಬಿನ ತುದಿಗಳೂ ಹಾಗೆಯೇ: ರಾಡಾರ್ ಲೋಹವನ್ನು ಹಿಡಿದಷ್ಟು ಚೆನ್ನಾಗಿ ಕಬ್ಬನ್ನು ಹಿಡಿಯುವುದಿಲ್ಲ, ಪ್ರತಿಫಲಕ ಪಟ್ಟಿಯಿಲ್ಲದ ಟ್ರಾಲಿ ರಾತ್ರಿ ಕ್ಯಾಮೆರಾಕ್ಕೆ ವಾಹನದಂತೆ ಕಾಣುವುದೂ ಇಲ್ಲ.

ಇನ್ನೊಂದು ಅಪಾಯ ಇಲ್ಲಿದೆ. 90ಕ್ಕೆ ಇಟ್ಟ ಕ್ರೂಸ್ 50ರಲ್ಲಿ ಲಾರಿಯ ಹಿಂದೆ ಹೋಗುತ್ತಿರುತ್ತದೆ. ಲಾರಿ ಪಕ್ಕಕ್ಕೆ ಸರಿದೊಡನೆ ಕಾರು ಮತ್ತೆ 90ಕ್ಕೆ ನುಗ್ಗುತ್ತದೆ, ವಿದ್ಯುತ್ ಮೋಟರಾದ್ದರಿಂದ ಜೋರಾಗಿಯೇ. ಲಾರಿ ಸರಿದದ್ದು ಮುಂದಿನ ಹಂಪಿಗೋ ಬ್ಯಾರಿಕೇಡಿಗೋ ಹೆದರಿ ಎಂದು ಅದಕ್ಕೆ ಗೊತ್ತಿಲ್ಲ. ಊರು ಹತ್ತಿರ ಬಂದಾಗ ಕ್ರೂಸ್ ತೆಗೆಯುವುದೇ ಕ್ಷೇಮ. ಪಥ ಕಾಯುವ ಸೌಲಭ್ಯವನ್ನು ಘಾಟಿಯಲ್ಲಿ, ದ್ವಿಪಥ ರಸ್ತೆಯಲ್ಲಿ ಆಫ್ ಮಾಡಿಡಿ. ರಸ್ತೆಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ಬಿಳಿ ಗೆರೆ ದಾಟಿದರೆ ಸ್ಟಿಯರಿಂಗನ್ನು ಗುಂಡಿಯ ಕಡೆಗೇ ಎಳೆಯುತ್ತದೆ. ತಾನಾಗಿ ಬೀಳುವ ತುರ್ತು ಬ್ರೇಕನ್ನು ಮಾತ್ರ ಆಫ್ ಮಾಡಬೇಡಿ, ಎಚ್ಚರಿಕೆಯ ಅಂತರವನ್ನು ತೀರಾ ದೂರಕ್ಕೂ ಇಡಬೇಡಿ, ಬೈಕೊಂದು ಅಡ್ಡ ನುಗ್ಗಿದಾಗಲೆಲ್ಲ ಕಾರು ಬೆಚ್ಚುತ್ತದೆ. ಚಾರ್ಜಿಂಗಿಗೆ ನಿಂತಾಗ ಕನ್ನಡಿಯ ಹಿಂದಿನ ಕ್ಯಾಮೆರಾದ ಎದುರಿನ ಗಾಜನ್ನೂ ಮುಂಭಾಗದ ರಾಡಾರ್ ಫಲಕವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಮುಂದಿನ ಗಾಜು ಬದಲಿಸಿದ್ದರೆ ಕ್ಯಾಮೆರಾದ ಕ್ಯಾಲಿಬ್ರೇಷನ್ (ಮರುಹೊಂದಾಣಿಕೆ) ಮಾಡಿಸಿದ ಬಿಲ್ ಕೇಳಿ ಪಡೆಯಿರಿ.

ಹಂಪ್ ಎಂದರೆ ನೆನಪಾಯಿತು. ಭಾರತೀಯ ರಸ್ತೆ ಕಾಂಗ್ರೆಸ್‌ನ 99ನೇ ಸಂಹಿತೆಯಂತೆ 25 ಕಿ.ಮೀ. ವೇಗಕ್ಕೆ ಹಾಕುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮೂರುಗಳಲ್ಲಿ ಅಗಲ ಕಡಿಮೆ, ಎತ್ತರ ಜಾಸ್ತಿ, ಬಣ್ಣ ಇಲ್ಲವೇ ಇಲ್ಲ. ವಿದ್ಯುತ್ ಕಾರಿನ ಬ್ಯಾಟರಿ ಇರುವುದು ನೆಲದಡಿಯಲ್ಲಿ. ತುಂಬಿದ ಕಾರಿನ ಹೊಟ್ಟೆ ಉಜ್ಜಿದರೆ ಮುಂದಿನ ನಿಲ್ದಾಣದಲ್ಲಿ ಬಗ್ಗಿ ಟಾರ್ಚ್ ಹಾಕಿ ತಗ್ಗು, ಬಿರುಕು, ಕೂಲಂಟ್ ಹನಿ ಇದೆಯೇ ನೋಡಿ. ಹನಿ ಕಂಡರೆ ವೇಗದ ಚಾರ್ಜಿಂಗಿಗೆ ಹಾಕದೆ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ. ಲೋಕೋಪಯೋಗಿ ಇಲಾಖೆಯವರು ಈ ಮಳೆ ನಿಂತ ಮೇಲೆ ಬಣ್ಣದ ಡಬ್ಬಿ ಹಿಡಿದು ಹೊರಟರೆ ಹಾಸನ–ಸಕಲೇಶಪುರದ ಕಡೆಯಿಂದಲೇ ಶುರು ಮಾಡಲಿ.

– ವಿದ್ಯುತ್ ಕಾರು ಬಳಕೆದಾರರು, ಹಾಸನ