ಆ ಹೂಬಳ್ಳಿಯನ್ನು ಕಳುಹಿಸಲಾರೆ, ಅಪ್ಪಾ

ಮಾಂಟೆರೆ, ಕ್ಯಾಲಿಫೋರ್ನಿಯ

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಕಡಲದಂಡೆಯ ಫೋಟೋಗಳನ್ನು ನೋಡಿ, ಆ ಹೂಬಳ್ಳಿಯ ನಾಲ್ಕು ತುಂಡುಗಳನ್ನು ಊರಿಗೆ ಬರುವವರ ಕೈಯಲ್ಲಿ ಕಳುಹಿಸು, ಮನೆಯ ಹಿಂದಿನ ಮರಳದಿಬ್ಬಕ್ಕೆ ನೆಟ್ಟರೆ ಮರಳು ಜಾರುವುದು ನಿಲ್ಲುತ್ತದೆ ಎಂದು ನೀವು ಹೇಳಿದ್ದಿರಿ. ಕಳುಹಿಸಲಾರೆ, ಅಪ್ಪಾ. ಪರವಾನಗಿಯಾಗಲಿ ಸಸ್ಯಾರೋಗ್ಯದ ಪ್ರಮಾಣಪತ್ರವಾಗಲಿ ಇಲ್ಲದೆ ಹೊರದೇಶದ ಗಿಡವನ್ನು ಭಾರತಕ್ಕೆ ತರುವಂತಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಈ ದಂಡೆಯ ಗತಿಯನ್ನು ಕಂಡ ಮೇಲೆ ಅದನ್ನು ನಮ್ಮೂರಿಗೆ ಕಳುಹಿಸಲು ನನಗೆ ಮನಸ್ಸಿಲ್ಲ.

ನೀವು ಹೇಳಿದ ಕೆಲಸಕ್ಕಾಗಿಯೇ ಇಲ್ಲಿಯವರೂ ಅದನ್ನು ತಂದರು. ಐಸ್ ಪ್ಲಾಂಟ್ ಎಂದು ಕರೆಯುವ ಈ ಗಿಡದ ತವರು ದಕ್ಷಿಣ ಆಫ್ರಿಕ. 1900ರ ನಂತರದ ವರ್ಷಗಳಲ್ಲಿ ರೈಲುಹಳಿಗಳ ಪಕ್ಕದ ಮಣ್ಣು ಜರಿಯದಿರಲೆಂದು ಮೊದಲು ನೆಟ್ಟರು. ಆಮೇಲೆ ಹೆದ್ದಾರಿಗಳ ಬದಿಗೂ ನೆಟ್ಟರು. 1970ರ ದಶಕದವರೆಗೂ ಸಾವಿರಾರು ಎಕರೆಗಳಲ್ಲಿ ಇದನ್ನು ಹಬ್ಬಿಸುತ್ತಲೇ ಇದ್ದರು. ಮೂರು ಮೂಲೆಯ ದಪ್ಪ ರಸಭರಿತ ಎಲೆ, ಹಳದಿಯಾಗಿ ಅರಳಿ ಬಾಡುವಾಗ ಗುಲಾಬಿಗೆ ತಿರುಗುವ ಅಂಗೈಯಗಲದ ಹೂವು, ಅದರ ಹಿಂದೆ ನೀಲಿ ಕಡಲು: ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. (ನೀವು ಎಲ್ಲಕ್ಕಿಂತ ಮೆಚ್ಚಿದ ನಸುನೇರಳೆ ಹಾಸಿನ ಫೋಟೋ ಮಾತ್ರ ಪಕ್ಕದ ಪೆಸಿಫಿಕ್ ಗ್ರೋವ್ ಊರಿನ ಉದ್ಯಾನದ್ದು. ಅದು ಇದೇ ಕುಟುಂಬದ ಬೇರೆ ಗಿಡ; 1940ರ ದಶಕದಲ್ಲಿ ಹೇಯ್ಸ್ ಪರ್ಕಿನ್ಸ್ ಎಂಬುವರು ನೆಡಲು ತೊಡಗಿದ್ದು.)

ಐಸ್ ಪ್ಲಾಂಟಿನ ಒಂದೊಂದು ಕುಡಿಯೂ ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ಓಡುತ್ತದೆ, ಗಿಣ್ಣು ಮರಳಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ, ಹಣ್ಣು ತಿಂದ ಜಿಂಕೆ ಮೊಲಗಳು ಬೀಜವನ್ನು ದೂರ ದೂರಕ್ಕೆ ಒಯ್ಯುತ್ತವೆ. ಹೀಗೆ ಕಂಬಳಿ ಹೊದಿಸಿದಂತೆ ನೆಲವನ್ನು ಮುಚ್ಚಿದ ಮೇಲೆ ಬೇರೆ ಬೀಜಕ್ಕೆ ಮೊಳೆಯಲು ಬಿಸಿಲೂ ಸಿಗದು, ತೇವವೂ ಸಿಗದು. ಮಣ್ಣು ಹಿಡಿಯಲೆಂದು ತಂದ ಗಿಡದ ಬೇರುಗಳಾದರೋ ಮೇಲ್ಪದರದಲ್ಲೇ ಹರಡುತ್ತವೆ. ಕಡಿದಾದ ಇಳಿಜಾರಿನಲ್ಲಿ ನೀರು ತುಂಬಿಕೊಂಡ ಎಲೆಗಳ ಭಾರಕ್ಕೆ ಬಳ್ಳಿಯ ಹಾಸು ಮಣ್ಣನ್ನೂ ಎಳೆದುಕೊಂಡು ಕೆಳಗೆ ಜಾರುವುದುಂಟು.

ನನ್ನನ್ನು ಹೆಚ್ಚು ನೋಯಿಸುವುದು ಇಲ್ಲಿಯದೇ ಆದ ಹೂವುಗಳ ಪಾಡು. ಈ ಮರಳದಿಬ್ಬಗಳಲ್ಲಿ ಮೆಂಜೀಸ್ ವಾಲ್‌ಫ್ಲವರ್ ಎಂಬ ಸಣ್ಣ ಗಿಡವಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅಚ್ಚ ಹಳದಿಯ ಹೂಗೊಂಚಲು ಬಿಡುತ್ತದೆ. ಗಾಳಿಗೆ ಅಷ್ಟಿಷ್ಟು ಸರಿದಾಡುವ ಬಯಲು ಮರಳೇ ಅದಕ್ಕೆ ಬೇಕು. ಅಂಥ ಜಾಗ ಕಡಿಮೆಯಾಗುತ್ತ ಬಂದು 1992ರಲ್ಲಿ ಅದನ್ನು ಅಮೆರಿಕದ ಕೇಂದ್ರ ಸರ್ಕಾರದ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಸ್ಮಿತ್ಸ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆ ಇಲ್ಲಿಯ ಕಾಡು ಬಕ್‌ವೀಟ್ ಗಿಡಗಳ ಹೂವಿನಲ್ಲಿ ಮಾತ್ರ ಮೊಟ್ಟೆಯಿಡುತ್ತದೆ. ಐಸ್ ಪ್ಲಾಂಟ್ ಎಷ್ಟೇ ಹೂ ಬಿಟ್ಟರೂ ಅದರ ಮರಿಹುಳುಗಳಿಗೆ ಆಹಾರವಿಲ್ಲ. ಬಯಲು ಮರಳಿನಲ್ಲಿ ಗೂಡು ಮಾಡುವ ಸ್ನೋಯಿ ಪ್ಲವರ್ ಹಕ್ಕಿಗೂ ಇದೇ ಕಷ್ಟ.

ಅಸಿಲೊಮಾರ್ ದಂಡೆಯಲ್ಲಿ 1980ರ ದಶಕದಿಂದ ಐಸ್ ಪ್ಲಾಂಟನ್ನು ತೆಗೆದು, ಸ್ಥಳೀಯ ಗಿಡಗಳನ್ನು ಸಸಿಮಾಡಿ ನೆಡುತ್ತ ಬಂದಿದ್ದಾರೆ. ಕಿತ್ತು ಅಲ್ಲೇ ಬಿಟ್ಟರೆ ತುಂಡುಗಳು ಮತ್ತೆ ಬೇರೂರುತ್ತವೆ. ಪೂರ್ತಿ ಕಿತ್ತ ಮೇಲೂ ಮಣ್ಣಿನಲ್ಲಿ ಉಳಿದ ಬೀಜಗಳು ವರ್ಷಗಟ್ಟಲೆ ಮೊಳೆಯುತ್ತಿರುವುದರಿಂದ ಕಾವಲು ಬಿಡುವಂತಿಲ್ಲ. ಅಲ್ಲಿಯ ಮರದ ಹಲಗೆಗಳ ಹಾದಿಯಲ್ಲಿ ನಡೆಯುವಾಗ, ನೆಟ್ಟವರ ಆತುರಕ್ಕೆ ಕೀಳುವವರು ಎಷ್ಟು ಬೆವರು ಸುರಿಸಬೇಕಾಗಿದೆ ಎಂದು ನಾನು ಪ್ರತಿ ಸಲವೂ ಯೋಚಿಸುತ್ತೇನೆ.

ಹೊರಗಿನ ಗಿಡವನ್ನು ತಂದು ನೆಡುವುದು ನಮ್ಮ ಜಿಲ್ಲೆಗೂ ಹೊಸದಲ್ಲ. ಕಾರವಾರದ ದಂಡೆಗೆ 1868ರಲ್ಲಿ ಹೊರಗಿನಿಂದ ಬಂದ ಗಾಳಿಮರವನ್ನು ಉರುವಲಿಗೂ ಗಾಳಿತಡೆಗೂ ಎಂದು ನೆಡುತ್ತ ಹೋದರು. ಅದರ ತರಗು ದಪ್ಪನಾಗಿ ಬಿದ್ದಲ್ಲಿ ಬೇರೆ ಗಿಡ ಮೇಲೇಳುವುದು ಕಡಿಮೆಯೆಂದು ನಿಮಗೇ ಗೊತ್ತಿದೆ. ಐಸ್ ಪ್ಲಾಂಟ್ ನಮ್ಮ ಆಷಾಢದ ಮಳೆಗೆ ಕೊಳೆತುಹೋಗಲೂಬಹುದು, ಆದರೆ ಅದನ್ನು ಪರೀಕ್ಷಿಸಲು ಕಾಸರಕೋಡಿನಂಥ, ಕಡಲಾಮೆಗಳು ಮೊಟ್ಟೆಯಿಡುವ ದಂಡೆಗಳಿರುವ ಕಡೆ ಕೈ ಹಾಕುವುದು ಬೇಡ.

ನಮಗೆ ಬೇಕಾದ ಬಳ್ಳಿ ನಮ್ಮಲ್ಲೇ ಇದೆ. ದಿಬ್ಬದ ಕಡಲಿನ ಮಗ್ಗುಲಲ್ಲಿ ನೇರಳೆ ಹೂ ಬಿಡುವ ಅಡುಂಬು ಬಳ್ಳಿಯನ್ನು, ಅಂಗಳ ಚೊಕ್ಕಟ ಮಾಡಿಸುವಾಗ ಕಸವೆಂದು ಕೀಳಿಸಬೇಡಿ. ದೊಡ್ಡ ಅಲೆಯನ್ನು ಅದು ತಡೆಯಲಾರದು, ಗಾಳಿ ಹೊತ್ತು ತರುವ ಮರಳನ್ನು ಮಾತ್ರ ಚೆನ್ನಾಗಿ ಹಿಡಿದಿಡುತ್ತದೆ. ಮೊದಲ ಮಳೆ ಬಿದ್ದೊಡನೆ ಗಿಣ್ಣುಗಳಿರುವ ಮೊಳದುದ್ದದ ತುಂಡುಗಳನ್ನು ಖಾಲಿ ಜಾಗದಲ್ಲಿ ಮರಳಿಗೆ ಹುಗಿಸಿ, ದನಕರುಗಳೂ ಓಡಾಡುವವರೂ ತುಳಿಯದಂತೆ ಒಂದು ಬೇಲಿ ಹಾಕಿಸಿ. ಬೇಲಿಯ ಖರ್ಚನ್ನು ನಾನು ಕಳುಹಿಸುತ್ತೇನೆ. ಕೆಲಸಕ್ಕೆ ಯಾರು ಬರುತ್ತಾರೆಂದು ಆಯಿಯ ಹತ್ತಿರ ಫೋನಿನಲ್ಲಿ ಹೇಳಿಸಿ.

ಇತಿ,
ನಿಮ್ಮ ಪ್ರೀತಿಯ ಮಗಳು