ಪರದೆಯ ಅಳತೆ ಸಾಕು, ಲೋ ಗೇರ್ ಇದೆಯೇ ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಆಫ್-ರೋಡ್ ಗಾಡಿಗಳ ಬಗ್ಗೆ ಬರೆಯುವಾಗ ಒಳಗಿನ ಪರದೆ ಎಷ್ಟು ಇಂಚಿನದು, ಸನ್‌ರೂಫ್ ಎಷ್ಟು ದೊಡ್ಡದು, ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆದರೆ ಆ ಗಾಡಿಗೆ ಲೋ ಗೇರ್ (ವೇಗ ಇಳಿಸಿ ಚಕ್ರದ ಬಲ ಹೆಚ್ಚಿಸುವ ಹೆಚ್ಚುವರಿ ಗೇರ್) ಇದೆಯೇ, ಬಂಪರ್ ತಾಗದೆ ಎಷ್ಟು ಕಡಿದಾದ ಏರು ಹತ್ತುತ್ತದೆ, ಸ್ಟೆಪ್ನಿ ಉಳಿದ ಟೈರ್‌ಗಳ ಅಳತೆಯದ್ದೇ ಎಂಬುದು ಹುಡುಕಿದರೂ ಸಿಗುವುದಿಲ್ಲ. ಮೊದಲ ಸಲ ಇಂಥ ಗಾಡಿ ಕೊಳ್ಳುವವರಿಗೆ ಬೇಕಾಗಿರುವುದೇ ಇದು ಅಲ್ವಾ?

ನನ್ನ ಅಕ್ಕನ ಮಗ ಈಗ ಅದೇ ಹುಡುಕಾಟದಲ್ಲಿದ್ದಾನೆ. ವಾರವಿಡೀ ಊರೊಳಗಿನ ಓಡಾಟ, ರಜೆ ಸಿಕ್ಕರೆ ಬೆಟ್ಟದ ಕಚ್ಚಾ ದಾರಿ. ಎರಡಕ್ಕೂ ಒಂದೇ ಗಾಡಿ ಆಗಬೇಕು. ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಬರಹಗಳನ್ನೆಲ್ಲ ಮುಂದಿಟ್ಟು, "ಮಾಮ, ಇದರಲ್ಲಿ ಯಾವುದು ತಗೊಳ್ಳಲಿ?" ಎಂದು ಕೇಳಿದ. ಓದಿದೆ. "ಎಲ್ಲಿಗೆ ಬೇಕಾದರೂ ಹೋಗುವ ಗಾಡಿ" ಎಂಬ ಮಾತು ಹೆಚ್ಚು ಕಡಿಮೆ ಎಲ್ಲದರಲ್ಲೂ ಇತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಬೇಕಾದ ಆಧಾರ ಮಾತ್ರ ಯಾವುದರಲ್ಲೂ ಇರಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಗಾಡಿಯ ಹಿಂದೆ ಅಂಟಿಸಿರುವ 'ಫೋರ್ ವೀಲ್ ಡ್ರೈವ್' ಎಂಬ ಫಲಕದಿಂದಲೇ ಶುರು ಮಾಡೋಣ. ಅದೇ ಫಲಕದ ಹಿಂದೆ ಬೇರೆ ಬೇರೆ ಯಂತ್ರಗಳಿರುತ್ತವೆ. ಒಂದು ಬಗೆಯಲ್ಲಿ ಮಾಮೂಲಿ ಕಾರಿನ ಹಾಗೆ ಮುಂದಿನ ಚಕ್ರಗಳೇ ಎಳೆಯುತ್ತಿರುತ್ತವೆ, ಅವು ಜಾರಿದಾಗ ಒಂದು ಕ್ಲಚ್ ಹಿಡಿದುಕೊಂಡು ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. ಮಳೆಯಲ್ಲಿ, ಹಿಮದಲ್ಲಿ, ಮಣ್ಣು ದಾರಿಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಲ್ಲು ತುಂಬಿದ ಉದ್ದನೆಯ ಏರಿನಲ್ಲಿ ಬಿಡದೆ ದುಡಿಸಿದರೆ ಆ ಕ್ಲಚ್ ಬಿಸಿಯಾಗಿ ಕೈಬಿಡಬಹುದು. ಇನ್ನೊಂದು ಬಗೆಯಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಲೋ ಗೇರ್ ಇರುತ್ತದೆ. ಸುಝುಕಿ ಜಿಮ್ನಿ, ಮಹೀಂದ್ರ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿ, ಜೀಪ್ ರ‍್ಯಾಂಗ್ಲರ್ ಇವೆಲ್ಲ ಈ ಗುಂಪಿನವು. ಇಲ್ಲಿ ಇನ್ನೊಂದು ಮಾತು. ಸೆಂಟರ್ ಡಿಫರೆನ್ಶಿಯಲ್, ಅಂದರೆ ಮುಂದಿನ ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇಲ್ಲದ ಗಾಡಿಯನ್ನು ಒಣ ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು, ಆದರೆ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಟೈರ್ ಸವೆಯುತ್ತದೆ, ಗೇರುಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ. ಗಾಡಿ ಕೊಟ್ಟು ಕಳಿಸುವಾಗ ಇದನ್ನು ಹೇಳದೇ ಇರುವ ಮಾರಾಟಗಾರರನ್ನು ನಾನು ನೋಡಿದ್ದೇನೆ.

ಲೋ ಗೇರ್ ಯಾಕೆ ಬೇಕು? ಹತ್ತುವುದಕ್ಕೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದರ ಬೆಲೆ ಗೊತ್ತಾಗುವುದು ಇಳಿಯುವಾಗ. ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ, ಸಡಿಲ ಜಲ್ಲಿಯ ಮೇಲೆ ಚಕ್ರ ಕಟ್ಟಿಕೊಂಡು ಗಾಡಿ ಜಾರಿಬಿಡುತ್ತದೆ. ಲೋ ಗೇರ್ ಹಾಕಿ, ಒಂದನೇ ಗೇರಿನಲ್ಲಿಟ್ಟು ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಮನುಷ್ಯ ನಡೆಯುವ ವೇಗದಲ್ಲಿ ಇಳಿಸುತ್ತದೆ. ಜಿಮ್ನಿಯ ಲೋ ಗೇರ್ ಅನುಪಾತ ಸುಮಾರು 2, ಅಂದರೆ ವೇಗ ಅರ್ಧವಾಗುತ್ತದೆ, ಚಕ್ರಕ್ಕೆ ಸಿಗುವ ತಿರುಚು ಬಲ ಎರಡರಷ್ಟಾಗುತ್ತದೆ. ರ‍್ಯಾಂಗ್ಲರ್‌ನ ರೂಬಿಕಾನ್ ಮಾದರಿಯಲ್ಲಿ ಅದು 4. ಈ ಒಂದು ಅಂಕಿ ಹೇಳುವಷ್ಟನ್ನು ಹಾರ್ಸ್ ಪವರ್ ಹೇಳುವುದಿಲ್ಲ. ಆದರೂ ವಿಮರ್ಶೆಗಳ ತಲೆಬರಹದಲ್ಲೆಲ್ಲ ಹಾರ್ಸ್ ಪವರ್ರೇ ಕಾಣುತ್ತದೆ.

ಇನ್ನು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ. ಇದನ್ನು ನೀವು ಬರೆಯುತ್ತೀರಿ, ಒಪ್ಪುತ್ತೇನೆ. ಆದರೆ ಅದೊಂದೇ ಸಾಲದು. ಒಂದು ಉದಾಹರಣೆ ಕೊಡುತ್ತೇನೆ. ಮೂರು ಬಾಗಿಲಿನ ಜಿಮ್ನಿಗೂ ಐದು ಬಾಗಿಲಿನ ಜಿಮ್ನಿಗೂ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ಎರಡರ ಎಂಜಿನ್, ಮೂತಿ, ಚೌಕಟ್ಟಿನ ರೀತಿ ಎಲ್ಲ ಒಂದೇ ಜಾತಿಯದು. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಮೂರು ಬಾಗಿಲಿನದಕ್ಕೆ 2,250 ಮಿಲಿಮೀಟರ್, ಐದು ಬಾಗಿಲಿನದಕ್ಕೆ 2,590. ಹಾಗಾಗಿ ಹೊಟ್ಟೆ ತಾಗದೆ ದಿಬ್ಬ ದಾಟುವ ಕೋನ, ಅಂದರೆ ಬ್ರೇಕ್‌ಓವರ್ ಆಂಗಲ್, 28 ಡಿಗ್ರಿಯಿಂದ 24ಕ್ಕೆ ಇಳಿಯುತ್ತದೆ. ತಿರುಗಲು ಬೇಕಾದ ಜಾಗವೂ ಜಾಸ್ತಿ, ಟರ್ನಿಂಗ್ ರೇಡಿಯಸ್ 4.9 ಮೀಟರ್ ಇದ್ದದ್ದು 5.7 ಮೀಟರ್ ಆಗುತ್ತದೆ. ಬೆಟ್ಟದ ದಾರಿಯ ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಕ್ಕೂ, ಹಿಂದೆ ಪ್ರಪಾತ ಇಟ್ಟುಕೊಂಡು ರಿವರ್ಸ್ ತೆಗೆಯುವುದಕ್ಕೂ ಇರುವ ಅಂತರ ಇದೇ. ಹಾಗಂತ ಐದು ಬಾಗಿಲಿನದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಿಂದೆ ಮಕ್ಕಳು ಕೂರುವ ಮನೆಗೆ, ನಾಲ್ಕು ಚೀಲ ಸಾಮಾನು ಹಾಕುವವರಿಗೆ ಅದೇ ಸರಿ. ಓದುಗರಿಗೆ ಎರಡೂ ಅಂಕಿ ಮುಂದಿರಬೇಕು, ಅಷ್ಟೇ.

ಊರೊಳಗಿನ ಓಡಾಟಕ್ಕೆ ಬಂದರೆ ನನ್ನ ಮಾತು ಇನ್ನೂ ನೇರ. ಮೊದಲ ಗಾಡಿ ಚಿಕ್ಕದಿರಲಿ, ಹಗುರ ಇರಲಿ. ಗಾಡಿ ಓಡುವುದರಲ್ಲಿ ಹೆಚ್ಚಿನ ಪಾಲು ಊರೊಳಗೇ. ಎರಡೂವರೆ ಟನ್ ತೂಕದ್ದನ್ನು ದಿನವೂ ಸಂದಿಗೊಂದಿಯಲ್ಲಿ ನುಗ್ಗಿಸಿ, ಪಾರ್ಕಿಂಗ್‌ಗೆ ಜಾಗ ಹುಡುಕಿ ಸುಸ್ತಾದವರು ಬೆಟ್ಟಕ್ಕೆ ಹೋಗುವ ಉತ್ಸಾಹವನ್ನೇ ಕಳೆದುಕೊಳ್ಳುತ್ತಾರೆ. ಕೆಸರಿನಲ್ಲಿ ಹೂತುಕೊಂಡಾಗ ಒಂದು ಟನ್ನಿನ ಚಿಲ್ಲರೆ ತೂಕದ ಗಾಡಿಯನ್ನು ನಾಲ್ಕು ಜನ ಸೇರಿ ಅಲುಗಾಡಿಸಿಯಾದರೂ ತೆಗೆಯಬಹುದು. ಇದಕ್ಕಿಂತ ದೊಡ್ಡ ವಿಷಯ ಬಾನೆಟ್ಟಿನ ಎತ್ತರ. ಬಾನೆಟ್ ಎತ್ತರವಿದ್ದು ಚೌಕವಾಗಿದ್ದರೆ ಗಾಡಿಯ ಮುಂದೆಯೇ ನಿಂತ ಪುಟ್ಟ ಮಗು ಡ್ರೈವರ್‌ಗೆ ಕಾಣುವುದಿಲ್ಲ. ಶೋರೂಮಿಗೆ ಹೋದವರು ಸೀಟಿನಲ್ಲಿ ಕೂತು, ಜೊತೆಗೆ ಬಂದವರನ್ನು ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಿಸಿ ನೋಡಲಿ. ಎಷ್ಟು ದೂರ ಸರಿದ ಮೇಲೆ ಅವರ ತಲೆ ಕಾಣುತ್ತದೆ ಎಂದು ಅಳೆಯಲಿ. ನಿಮ್ಮ ವಿಮರ್ಶಕರೂ ಇದನ್ನು ಮಾಡಿ ಬರೆದರೆ ಎಷ್ಟು ಉಪಕಾರ ಆಗುತ್ತದೆ ಗೊತ್ತಾ?

ಪೆಟ್ರೋಲ್ಲೋ ಡೀಸೆಲ್ಲೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ, ಚಿಕ್ಕದಾಗಿ ಹೇಳುತ್ತೇನೆ. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾಯುವಷ್ಟು ಹೊತ್ತು ಒಂದೇ ಸಮನೆ ಓಡಬೇಕು. ದಿನವೂ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಸಮುದ್ರಮಟ್ಟದಿಂದ ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಸುಮಾರು ನೂರಕ್ಕೆ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಲೋ ಗೇರ್ ಇದ್ದರೆ ಆ ಕೊರತೆಯನ್ನು ನಿಭಾಯಿಸಬಹುದು. ಗೇರ್ ಬಾಕ್ಸ್ ವಿಷಯದಲ್ಲಿ ಹೊಸಬರಿಗೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಒಳ್ಳೆಯದು. ಊರಿನ ಟ್ರಾಫಿಕ್ಕಿಗೂ ಆಯಿತು, ಏರಿನಲ್ಲಿ ಕ್ಲಚ್ ಸುಟ್ಟ ವಾಸನೆಯೂ ಬರುವುದಿಲ್ಲ.

ಇವೆಲ್ಲದಕ್ಕಿಂತ ಮುಖ್ಯವಾದ್ದು ಟೈರ್. ನೆಲ ಮುಟ್ಟುವುದು ಅದೊಂದೇ ತಾನೇ. ಶೋರೂಮಿನಿಂದ ಬರುವ ಹೆಚ್ಚಿನ ಗಾಡಿಗಳಿಗೆ ಡಾಂಬರಿಗೆಂದೇ ಮಾಡಿದ ಟೈರ್ ಹಾಕಿರುತ್ತಾರೆ. ಅದು ಸವೆದ ಮೇಲೆ ಆಲ್ ಟೆರೇನ್ ಟೈರ್ ಹಾಕಿಸಿದರೆ ಎರಡೂ ಕಡೆಗೆ ಆಗುತ್ತದೆ. ದೊಡ್ಡ ದೊಡ್ಡ ಗಟ್ಟಿ ಕಚ್ಚುಗಳಿರುವ ಮಡ್ ಟೈರ್ ನೋಡಲು ಚೆಂದ ಎಂದು ಹಾಕಿಸುವವರಿದ್ದಾರೆ. ಅದು ಊರೊಳಗೆ ಸದಾ ಗುಂಯ್ ಎನ್ನುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಕಲ್ಲಿನ ದಾರಿ ಶುರುವಾಗುವ ಕಡೆ ಗಾಡಿ ನಿಲ್ಲಿಸಿ ಟೈರಿನ ಗಾಳಿಯ ಒತ್ತಡವನ್ನು 32 ಪಿಎಸ್‌ಐ ಆಸುಪಾಸಿನಿಂದ 22–25ರವರೆಗೆ ಇಳಿಸಿ ನೋಡಿ. ಟೈರಿನ ಬುಡ ಸ್ವಲ್ಪ ಉಬ್ಬಿ, ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ. ಮೊದಲು ಪುಟಿಯುತ್ತಿದ್ದ ಚಕ್ರ ಈಗ ಕಲ್ಲನ್ನು ಒಳಗೆಳೆದುಕೊಂಡು ಅದರ ಮೇಲೆ ಹಾಯುತ್ತದೆ. ಒಳಗೆ ಕೂತವರಿಗೂ ಕುಲುಕಾಟ ಕಡಿಮೆ. ವಾಪಸ್ ಡಾಂಬರಿಗೆ ಬಂದ ತಕ್ಷಣ ಗಾಳಿ ತುಂಬಲೇಬೇಕು, ಅದಕ್ಕಾಗಿ ಡಿಕ್ಕಿಯಲ್ಲಿ ಒಂದು ಕಂಪ್ರೆಸರ್ ಇರಬೇಕು. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್, ಭಾರಿ ಬಂಪರ್, ತಲೆ ಮೇಲೆ ಲೈಟಿನ ಸಾಲು ಇವಕ್ಕೆ ಹಾಕುವ ಹಣವನ್ನು ಒಳ್ಳೆ ಟೈರಿಗೂ, ತಿಳಿದವರ ಹತ್ತಿರ ಎರಡು ದಿನದ ತರಬೇತಿಗೂ ಹಾಕಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಗಾಡಿ ಎತ್ತರವಾದಷ್ಟೂ ಓರೆ ದಾರಿಯಲ್ಲಿ ಮಗುಚುವ ಅಪಾಯ ಜಾಸ್ತಿ.

ಹಳೆಯದನ್ನು ಕೊಳ್ಳುವವರೂ ತುಂಬಾ ಜನ. ಅವರು ಮೇಲಿನ ಹೊಳಪು ನೋಡದೆ ಕೆಳಗೆ ಮಲಗಿ ನೋಡಲಿ. ಚಾಸಿಸ್ ಮೇಲೆ ಹೊಸದಾಗಿ ಬಳಿದ ಕಪ್ಪು ಬಣ್ಣ ಇದ್ದರೆ ಅದರ ಕೆಳಗೆ ತುಕ್ಕು ಇದೆಯೇ ಎಂದು ತಟ್ಟಿ ನೋಡಲಿ. ಡಿಫರೆನ್ಶಿಯಲ್‌ನ (ಎರಡು ಚಕ್ರಗಳ ನಡುವೆ ಕೆಳಗೆ ಕಾಣುವ ಗೇರ್ ಪೆಟ್ಟಿಗೆಯ) ಬೋಲ್ಟ್ ಬಿಚ್ಚಿಸಿ ಬೆರಳಿಗೆ ಎಣ್ಣೆ ಹಚ್ಚಿಕೊಂಡು ನೋಡಲಿ. ಎಣ್ಣೆ ಮಾಸಲು ಬಿಳಿಯಾಗಿ ನೊರೆ ನೊರೆಯಾಗಿದ್ದರೆ ಒಳಗೆ ನೀರು ಹೋಗಿದೆ, ಹಳ್ಳ ದಾಟಿಸಿದ ಮೇಲೆ ಯಾರೂ ಎಣ್ಣೆ ಬದಲಿಸಿಲ್ಲ ಎಂದರ್ಥ. ಲೋ ಗೇರ್‌ಗೆ ಹಾಕಿ, ಅದು ಹಿಡಿಯುತ್ತದೆಯೇ ಎಂದು ಮಣ್ಣು ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿಸಲಿ. ಊರೊಳಗೇ ಓಡಿದ ಗಾಡಿಗಳಲ್ಲಿ ವರ್ಷಗಟ್ಟಲೆ ಅದನ್ನು ಮುಟ್ಟಿರುವುದೇ ಇಲ್ಲ, ಒಳಗೆ ಬಿಗಿದುಕೊಂಡಿರುತ್ತದೆ.

ಸಿಕ್ಕಿಹಾಕಿಕೊಂಡ ಗಾಡಿ ಎಳೆಯುವ ಬಗ್ಗೆ ಒಂದು ಎಚ್ಚರಿಕೆಯನ್ನು ನಿಮ್ಮ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಟ್ರೇಲರ್ ಎಳೆಯಲು ಹಿಂದೆ ಇರುವ ಉಕ್ಕಿನ ಚೆಂಡಿನಂಥ ಕೊಂಡಿಗೆ, ಅಂದರೆ ಟೋ ಬಾಲ್‌ಗೆ, ಪಟ್ಟಿ ಸಿಕ್ಕಿಸಿ ಜಗ್ಗಬಾರದು. ಅದು ಮುರಿದರೆ ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ, ಅದರಿಂದ ಜನ ಸತ್ತಿದ್ದಾರೆ. ಗಾಡಿಯ ಚಾಸಿಸ್‌ಗೆ ಸೇರಿಸಿರುವ, ಎಳೆಯಲೆಂದೇ ಮಾಡಿದ ಕೊಕ್ಕೆಗಳು ಹಿಂದೆಯೂ ಮುಂದೆಯೂ ಇವೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಇದೂ ಯಾವ ವಿಮರ್ಶೆಯಲ್ಲೂ ಬಂದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತನ್ನು ಹುಡುಗನಿಗೆ ಖಂಡಿತವಾಗಿ ಹೇಳಿದೆ. ನೀನು ಹೋಗುವ ದಾರಿ ಬರೀ ಮಣ್ಣಿನದು, ಚಾರಣ ಶುರುವಾಗುವ ಜಾಗದವರೆಗೆ ಹೋದರೆ ಸಾಕು ಎನ್ನುವುದಾದರೆ ನಿನಗೆ ಈ ಗಾಡಿಗಳು ಬೇಡವೇ ಬೇಡ. ಸ್ವಲ್ಪ ಎತ್ತರದ ಮಾಮೂಲಿ ಕಾರು, ಒಳ್ಳೆ ಟೈರ್ ಇದ್ದರೆ ಆಯಿತು. ಮೈಲೇಜ್ ಜಾಸ್ತಿ, ಸೀಟು ಮೆತ್ತಗೆ, ಹೆದ್ದಾರಿಯಲ್ಲಿ ನೆಮ್ಮದಿ. ಹೀಗೆ ಬೇಡ ಎಂದು ಹೇಳುವ ಧೈರ್ಯ ನಿಮ್ಮ ವಿಮರ್ಶೆಗಳಿಗೂ ಬರಲಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಆಫ್-ರೋಡ್ ಎಂದು ಕರೆಸಿಕೊಳ್ಳುವ ಯಾವ ಗಾಡಿಯ ಬಗ್ಗೆ ಬರೆದರೂ ಪಕ್ಕದಲ್ಲಿ ಒಂದು ಚೌಕ ಹಾಕಿ. ಲೋ ಗೇರ್ ಅನುಪಾತ, ಮೂರೂ ಕೋನಗಳು (ಮುಂದಿನ ಬಂಪರ್ ತಾಗದೆ ಹತ್ತುವುದು, ಹಿಂದಿನದು ತಾಗದೆ ಇಳಿಯುವುದು, ಹೊಟ್ಟೆ ತಾಗದೆ ದಾಟುವುದು), ತೂಕ, ಟರ್ನಿಂಗ್ ರೇಡಿಯಸ್, ಟೈರಿನ ಬಗೆ, ಸ್ಟೆಪ್ನಿಯ ಅಳತೆ, ಎಳೆಯುವ ಕೊಕ್ಕೆ ಅದರಲ್ಲಿರಲಿ. ಕಂಪನಿಯವರು ಸಿದ್ಧ ಮಾಡಿಟ್ಟ ಟ್ರ್ಯಾಕ್ ಮೇಲೆ ಅವರದೇ ಡ್ರೈವರ್ ಓಡಿಸಿದ್ದನ್ನು ನೋಡಿ ಬರೆಯುವ ಬದಲು, ನಿಮ್ಮವರೇ ಯಾರಾದರೂ, ಇಂಥ ಗಾಡಿ ಓಡಿಸಿ ಅಭ್ಯಾಸ ಇಲ್ಲದವರು, ಶೋರೂಮಿನಿಂದ ಬಂದ ಟೈರಿನಲ್ಲೇ ಕಲ್ಲು ದಾರಿಯ ಒಂದು ಏರು ಹತ್ತಿಸಿ ಇಳಿಸಿದ್ದನ್ನು ಬರೆಯಿರಿ. ಅಕ್ಕನ ಮಗ ಇನ್ನೂ ಬುಕ್ ಮಾಡಿಲ್ಲ. ನಿಮ್ಮ ಮುಂದಿನ ವಾಹನ ಪುಟದಲ್ಲಿ ಆ ಚೌಕ ಬಂದರೆ ಅವನಿಗೂ ಸಮಯಕ್ಕೆ ಸಿಕ್ಕಂತಾಗುತ್ತದೆ.

ಇಂತಿ,
ನಿಮ್ಮ ಓದುಗ